ಸಂಪತ್ತಿನ ದೇವರ ಪಕ್ಕದ ರೂಟರ್

"ಸತ್ತೋಯ್ತು! ಮತ್ತೆ ಸತ್ತೋಯ್ತು!"

ಮೇಲಿನ ಮಹಡಿಯಿಂದ ಡಾವೊ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಸತ್ತದ್ದು ಮನುಷ್ಯರಲ್ಲ, ನೆಟ್ಟು. ಡಾವೊ ದಿನಾ ಸಂಜೆ ಫೋನಿನ ಮುಂದೆ ನಿಂತು ಒಣಮೀನು ಮಾರುವವಳು. ಅವತ್ತು ಮೀನು ಎತ್ತಿ ಹಿಡಿದು ಬೆಲೆ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಗಿರಾಕಿಗಳ ಫೋನಿನಲ್ಲಿ ಮೀನೂ ಬಾಯಿ ತೆರೆದುಕೊಂಡೇ ಇತ್ತು, ಡಾವೊ ಕೂಡ ಬಾಯಿ ತೆರೆದುಕೊಂಡೇ ಇದ್ದಳು.

ನದಿದಂಡೆಯ ಸಾ ಡೆಕ್ ಊರಿನ ಆ ಓಣಿಯ ಮನೆಗಳೆಲ್ಲ ನೆಟ್ಟಗೆ ನಿಲ್ಲಿಸಿದ ಬೆಂಕಿಪೆಟ್ಟಿಗೆಗಳು. ಅಗಲ ಒಂದೇ ಕೋಣೆ, ಬೆಳೆದದ್ದೆಲ್ಲ ಮೇಲಕ್ಕೆ. ಡಾವೊಳ ನಾದಿನಿ ಲುವಾ ನಡುಮಹಡಿಯ ಮೆಟ್ಟಿಲ ಬಳಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಮುಂದಿನ ಮಾತು ಅವಳಿಗೆ ಬಾಯಿಪಾಠವಾಗಿತ್ತು.

"ಇವ್ಳು ಬರೋಕ್ ಮುಂಚೆ ನೆಟ್ಟು ಕುದುರೆ ಥರ ಓಡ್ತಿತ್ತು!" ಡಾವೊ ದಡದಡ ಇಳಿದು ಬಂದಳು. "ತಾಯಿ ಒಂದ್ ಫೋನು, ಮಗಳು ಒಂದ್ ಫೋನು. ಇರೋ ನೆಟ್ಟನ್ನೆಲ್ಲ ಇಬ್ರೇ ಕುಡುದ್ರೆ ನಮ್ಗೇನ್ ಉಳಿಯತ್ತೆ?"

"ಅತ್ತಿಗೆ, ನನ್ ಫೋನು ಬೆಳಿಗ್ಗೆಯಿಂದ ಆಫಾಗಿದೆ. ಬೊಂಗ್ ಟ್ಯೂಷನ್ನಿಗೆ ಹೋಗಿದಾಳೆ."

"ಹಾಗಾದ್ರೆ ನೆಟ್ಟನ್ನ ದೆವ್ವ ಕುಡೀತಾ?"

ಲುವಾ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. ಮಳೆಗಾಲದಲ್ಲಿ ನದಿಯ ದಂಡೆ ಕುಸಿದು ಅವಳ ಬಾಡಿಗೆ ಮನೆಯ ಅರ್ಧ ನೀರಿಗೆ ಹೋಗಿತ್ತು. ಮಗಳು ಬೊಂಗಳನ್ನೂ ಹೊಲಿಗೆ ಯಂತ್ರವನ್ನೂ ಕಟ್ಟಿಕೊಂಡು ತವರಿಗೆ ಬಂದಿದ್ದಳು. ನದಿ ಒಮ್ಮೆ ನುಂಗಿ ಸುಮ್ಮನಾಯಿತು. ಮನೆಯವರು ಮಾತ್ರ ದಿನಾ ಸ್ವಲ್ಪ ಸ್ವಲ್ಪವೇ ನುಂಗುತ್ತಿದ್ದರು. ಅಣ್ಣನ ಫುಟ್‌ಬಾಲ್ ಪಂದ್ಯ ನಿಂತರೂ ಅವಳೇ ಕಾರಣ, ಡಾವೊಳ ಮೀನು ಮಾರಾಟ ನಿಂತರೂ ಅವಳೇ ಕಾರಣ. ಒಂದು ಪ್ಲಾಸ್ಟಿಕ್ ಡಬ್ಬಿಯ ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟುವುದು ಎಷ್ಟು ಸುಲಭ! ಡಬ್ಬಿಗೆ ಬೈದರೆ ಅಳುವುದಿಲ್ಲವಲ್ಲ.

ಭಾನುವಾರ ಮಾರುಕಟ್ಟೆಯ ಹಿಂದಿನ ಕಿಟಕಿಯಿಲ್ಲದ ಬಾಡಿಗೆ ಕೋಣೆಗೆ ಹೋಗಿಬಿಡುವುದೆಂದು ಲುವಾ ಆಗಲೇ ನಿರ್ಧರಿಸಿದ್ದಳು. ಬಟ್ಟೆಯ ಗಂಟು ಮಂಚದ ಕೆಳಗಿತ್ತು.

ಅಷ್ಟರಲ್ಲಿ ಅಪ್ಪ ಲಾಮ್ ಟೋಪಿ ಹಾಕಿಕೊಂಡು ಹೊರಟರು. "ಜಗಳ ಸಾಕು. ಪೇಟೇಲಿ ಎಂಟು ಕೊಂಬಿನ, ಅದೇ ಎಂಟು ಆಂಟೆನಾದ, ರೂಟರ್ ಬಂದಿದೆ. ಕೊಂಬು ಜಾಸ್ತಿ ಇದ್ದಷ್ಟೂ ಶಕ್ತಿ ಜಾಸ್ತಿ ಅಂತ ಅಂಗಡಿಯವನು ಆಣೆ ಹಾಕ್ದ."

"ಎಂಟು ಕಾಲಿದೆ ಅಂತ ಏಡಿ ಕುದುರೆಗಿಂತ ಜೋರಾಗಿ ಓಡತ್ತಾ, ಲಾಮಣ್ಣ?"

ಬಾಗಿಲಲ್ಲಿ ಪಕ್ಕದ ಮನೆಯ ಹೆನ್ ನಿಂತಿದ್ದಳು. ಕ್ಷೌರದಂಗಡಿ ಅವಳದು, ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು.

"ಮೀನ್ ಮಾರೋಳೇ ಮೀನಾಗ್ಬಿಟ್ಳು ಅಂತ ನನ್ ಅಂಗಡೀಲಿ ಎಲ್ಲ ಬಿದ್ದು ಬಿದ್ದು ನಗ್ತಿದಾರೆ. ಏನ್ ಕಥೆ ಅಂತ ನೋಡ್ಕೊಂಡು ಹೋಗಣ ಅಂತ ಬಂದೆ."

"ನಿನಗೇನ್ ಗೊತ್ತು ರೂಟರ್ ವಿಷ್ಯ? ನೀನು ಕೂದಲು ಕತ್ತರಿಸೋಳು," ಲಾಮ್ ಗುರ್ರೆಂದರು.

"ಅದೇ ಅಂಗಡಿಯವನು ನಂಗೂ ಎರಡು ಏಡಿ ಮಾರಿದಾನೆ ಅಣ್ಣ. ಎರಡೂ ಅಟ್ಟದಲ್ಲಿವೆ. ದುಡ್ಡು ಕೊಟ್ಟು ಕಲ್ತಿದ್ದು, ನಿಮಗೆ ಬಿಟ್ಟಿ ಹೇಳ್ತೀನಿ. ನಿಮ್ ರೂಟರ್ ಎಲ್ಲಿದೆ ತೋರ್ಸಿ."

ಲಾಮ್ ಬೆರಳು ತೋರಿಸಿದರು. ಬಾಗಿಲ ಪಕ್ಕ, ನೆಲದ ಮೇಲೆ, ಸಂಪತ್ತಿನ ದೇವರೂ ನೆಲದ ದೇವರೂ ಕೂರುವ ಕೆಂಪು ಮಂಟಪದೊಳಗೆ, ಬಾಳೆಹಣ್ಣಿನ ಹಿಂದೆ ರೂಟರ್ ಮಿಣಮಿಣ ಎನ್ನುತ್ತಿತ್ತು. ಮೈಮೇಲೆ ಊದುಬತ್ತಿಯ ಬೂದಿ. ಒತ್ತಿನಲ್ಲೇ ಮೀನಿನ ತೊಟ್ಟಿ.

"ಸೊಸೆ ವ್ಯಾಪಾರ ನಡೆಯೋದೇ ಅದ್ರಿಂದ. ದೇವರ ಪಕ್ಕ ಇದ್ರೆ ಗಿರಾಕಿ ಬರ್ತಾರೆ ಅಂತ ಇಟ್ಟೆ."

ಹೆನ್ ನಗಲಿಲ್ಲ, ದೇವರಿಗೆ ಕೈ ಮುಗಿದಳು. ಆಮೇಲೆ ಡಾವೊಳ ಫೋನನ್ನು ಮಂಟಪದ ಮುಂದೆ ಹಿಡಿದಳು. ವಿಡಿಯೊ ಸರಾಗವಾಗಿ ಓಡಿತು. ಎಲ್ಲರೂ ಅವಳ ಹಿಂದೆ ಮೆಟ್ಟಿಲು ಹತ್ತಿದರು. ನಡುಮಹಡಿಯಲ್ಲಿ ತಡವರಿಸಿತು, ಮೇಲಿನ ಮಹಡಿಯಲ್ಲಿ ನಿಂತೇಹೋಯಿತು.

"ನೋಡಿದ್ರಾ? ಕೆಳಗೆ ಚೆನ್ನಾಗಿ ಓಡ್ತು ಅಂದ್ರೆ ಕಂಪನಿಯಿಂದ ಬರೋ ನೆಟ್ಟು ಸರಿ ಇದೆ. ಮನೆಯೊಳಗೆ ಅದನ್ನ ಹಂಚೋದೇ ಸರಿ ಇಲ್ಲ. ತೊಟ್ಟಿ ನೀರು ಅಡ್ಡ, ಕಾಂಕ್ರೀಟು ಅಡ್ಡ. ಅದು ಹೇಗ್ ಹತ್ತತ್ತೆ ಇಲ್ಲೀವರ್ಗೆ? ಮುಂಚೆ ಎಲ್ಲಿತ್ತು ಇದು?"

ಲಾಮ್ ಟೋಪಿ ತೆಗೆದರು.

"ನಡುಮಹಡಿ ಮೆಟ್ಟಿಲ ಹತ್ರ. ಲುವಾ ಹೊಲಿಗೆ ಮಿಷನ್‌ಗೆ ಜಾಗ ಬೇಕಿತ್ತು. ನಾನೇ ಕೆಳಗೆ ತಂದಿಟ್ಟೆ."

ಲುವಾ ಬಂದ ಮೇಲೆ ನೆಟ್ಟು ಕೆಟ್ಟದ್ದು ನಿಜವೇ. ಕೆಡಿಸಿದ್ದು ಲುವಾ ಅಲ್ಲ. ಡಾವೊ ಸೆರಗಿಲ್ಲದ ಅಂಗಿಯ ಅಂಚನ್ನು ಸುಮ್ಮನೆ ಹಿಂಡುತ್ತಿದ್ದಳು. ಲುವಾಳ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು.

"ಮೇಲಕ್ಕೆ ಇಟ್ರೆ ಸಾಕಾ ಹಂಗಾದ್ರೆ?" ಡಾವೊ ಮೆಲ್ಲಗೆ ಕೇಳಿದಳು.

"ಅರ್ಧ ಸರಿ ಹೋಗತ್ತೆ. ಆದ್ರೆ ಇದು ಮುದಿ ಡಬ್ಬಿ, ನೀವು ಐದು ಜನ, ಟಿವಿ ಬೇರೆ. ಎಲ್ಲ ಒಟ್ಟಿಗೆ ಹತ್ತಿದ್ರೆ ಬಿಸಿಯಾಗಿ ಮಲಗತ್ತೆ. ಇಷ್ಟೆತ್ತರದ ಮನೆಗೆ ಜೋಡಿ ರೂಟರ್ ತಗೊಳ್ಳಿ. ಒಂದು ನಡುವೆ, ಒಂದು ಮೇಲೆ, ಎರಡಕ್ಕೂ ನಡುವೆ ತಂತಿ ಎಳೆದ್ರೆ ಇನ್ನೂ ಗಟ್ಟಿ. ಎರಡು ಬ್ಯಾಂಡ್ ಇರ್ಲಿ: ಒಂದು ಗೋಡೆ ದಾಟಿ ದೂರ ಹೋಗತ್ತೆ, ಇನ್ನೊಂದು ಹತ್ರದಲ್ಲೇ ಜೋರಾಗಿ ಓಡತ್ತೆ. ಕೊಂಬು ಎಣಿಸ್ಬೇಡಿ. ಎಷ್ಟು ಫೋನ್ ತಡ್ಕೊಳತ್ತೆ, ಅದ್ರ ತಂತ್ರಾಂಶಾನ ಕಂಪನಿ ಆಗಾಗ ಹೊಸದು ಮಾಡ್ತಾ ಇರತ್ತಾ, ವಾರಂಟಿ ಬರೆದು ಕೊಡ್ತಾನಾ, ಮನೇಲಿ ಸರಿ ಬರ್ದಿದ್ರೆ ವಾಪಸ್ ತಗೋತಾನಾ, ಇಷ್ಟು ಕೇಳಿ. ಬಾಯಿ ಬಿಡ್ಲಿಲ್ಲ ಅಂದ್ರೆ ಆ ಅಂಗಡಿ ಮೆಟ್ಟಿಲು ಇಳೀರಿ."

"ದೇವ್ರು ಮುನಿಸ್ಕೊಳಲ್ವಾ?" ಲಾಮ್‌ಗೆ ಅದೇ ಚಿಂತೆ.

"ಬಿಸಿ ಡಬ್ಬಿ ಪಕ್ಕ ಕೂರಿಸಿದ್ರಿ, ಈಗಲೇ ಬೆವರ್ತಿದಾನೆ. ಕೇಳ್ಕೊಳಿ, ಒಪ್ತಾನೆ."

ಲಾಮ್ ದೇವರ ಮುಂದೆ ಕರಿ ಕಾಫಿ ಇಟ್ಟು, ಊದುಬತ್ತಿ ಹಚ್ಚಿದರು. "ಪಕ್ಕದ ಬಾಡಿಗೆದಾರನ್ನ ಮೇಲಿನ ಮನೆಗೆ ಕಳಿಸ್ತಿದೀನಿ ಸ್ವಾಮಿ. ಬೇಜಾರ್ ಮಾಡ್ಕೋಬೇಡಿ."

ಜೋಡಿ ರೂಟರ್ ಶನಿವಾರ ಬಂತು. ಹೊಲಿಗೆ ಯಂತ್ರ ಅಲುಗಲಿಲ್ಲ, ಅದರ ಮೇಲಿನ ಗೋಡೆಗೆ ಒಂದು ಹಲಗೆ ಹೊಡೆದರೆ ಸಾಕಾಯಿತು. ಡಬ್ಬಿಯ ಮೇಲೆ ಅಂಟಿಸಿದ್ದ ಗುಪ್ತಪದವನ್ನು ಬದಲಿಸಿದ್ದು ಬೊಂಗ್. ಸಂಜೆ ಡಾವೊ ಮೇಲೆ ಮೀನು ಮಾರಿದಳು, ಅಣ್ಣ ಕೆಳಗೆ ಪಂದ್ಯ ನೋಡಿದ, ಬೊಂಗ್ ಪಾಠ ಕೇಳಿದಳು. ಯಾರೂ ಕೂಗಲಿಲ್ಲ. ಓಣಿಗೇ ಬೇಸರವಾಗುವಷ್ಟು ನಿಶ್ಶಬ್ದ.

ಮಾರಾಟ ಮುಗಿಸಿದ ಡಾವೊ ಹುರಿದ ಒಣಮೀನು, ಮಾವಿನಕಾಯಿ ಹೋಳು ಇದ್ದ ತಟ್ಟೆ ತಂದು ಹೊಲಿಗೆ ಯಂತ್ರದ ಮೇಲಿಟ್ಟಳು. ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಮಂಚದ ಕೆಳಗಿನ ಗಂಟು ನೋಡ್ದೆ," ಎಂದಳು. "ಬಿಚ್ಚೇ ಅದನ್ನ. ಬೊಂಗ್ ಸ್ಕೂಲ್ ಬಟ್ಟೆ ಸುಕ್ಕಾಗ್ತಿದೆ."

ಲುವಾ ಗಂಟು ಬಿಚ್ಚಿದಳು.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ನೆಟ್ಟು ಸಾಯುತ್ತಿದೆಯೇ? ಬೈಯುವ ಮುಂಚೆ ಫೋನ್ ಹಿಡಿದು ರೂಟರಿನ ಪಕ್ಕ ನಿಲ್ಲಿ, ಆಮೇಲೆ ದೂರ ಹೋಗಿ ನೋಡಿ. ಅದನ್ನು ಮೂಲೆಯಿಂದ, ಕಪಾಟಿನಿಂದ, ನೆಲದಿಂದ ಎತ್ತಿ ಮನೆಯ ನಡುವೆ, ಎತ್ತರದಲ್ಲಿಡಿ. ಹೊಸದು ಬೇಕೇ ಬೇಕೆಂದರೆ ಮಹಡಿ ಎಣಿಸಿ, ಜನ ಎಣಿಸಿ, ವಾರಂಟಿ ಬರೆಸಿಕೊಂಡು ತನ್ನಿ. ಕೊಂಬು ತೋರಿಸಿ ಜೇಬಿಗೆ ಕೈ ಹಾಕುವವನಿಗೆ ಬಾಗಿಲು ತೋರಿಸಿ. ಕೆಟ್ಟ ಡಬ್ಬಿಯನ್ನು ಬದಲಿಸಬಹುದು. ಅದರ ದೆಸೆಯಿಂದ ಮನೆಯ ಮಗಳೊಬ್ಬಳು ಗಂಟು ಕಟ್ಟುವಂತೆ ಮಾಡಬೇಡಿ.