ಸಂಪಗಾಂವದ ಬಾವಿಯ ಬಸವನಹುಳು

ನಮ್ಮ ಅಪ್ಪ ನನ್ನ ಮಾತನ್ನು ಜೀವಮಾನದಲ್ಲಿ ಒಂದೇ ಸಲ ನಂಬಿದರು. ಆ ಒಂದು ಸಲವೂ ನಂಬದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಸುಚೇತಾ, ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಓದಿದ್ದು ಭೂವಿಜ್ಞಾನ. ಅದಕ್ಕೆ ಇಲ್ಲಿ ಯಾರೂ ಸಂಬಳ ಕೊಡುವುದಿಲ್ಲ, ಹಾಗಾಗಿ ಮಸೂರ, ಕನ್ನಡಿ ಎಂದು ಪಾಠ ಹೇಳಿ ಹೊಟ್ಟೆ ಹೊರೆಯುತ್ತೇನೆ. ರಜೆ ಬಂದರೆ ಮಾತ್ರ ಕಲ್ಲು. ಹನ್ನೊಂದು ವರ್ಷದ ಹಿಂದೆ ಸಂಪಗಾಂವದ ರೈತ ನಿಜಗುಣಪ್ಪನವರು ಬಾವಿ ತೋಡಿಸಿದಾಗ ಕಪ್ಪು ಬಂಡೆಯ ನಡುವೆ ಗೇಣು ದಪ್ಪದ ಬೂದು ಪದರವೊಂದು ಬಂತು. ಭೂಮಿಯೊಳಗಿನ ಬೆಂಕಿ ಹರಿದು ಆರಿ, ಮತ್ತೊಮ್ಮೆ ಹರಿಯುವ ಮೊದಲು ಸಿಕ್ಕ ಬಿಡುವಿನಲ್ಲಿ ಅಲ್ಲೊಂದು ಕೆರೆ ಇತ್ತು. ಆ ಪದರ ಅದರ ಕೆಸರು. ಕೆಸರಿನೊಳಗೆ ಆರೂವರೆ ಕೋಟಿ ವರ್ಷದ ಹಿಂದಿನ ಬಸವನಹುಳುಗಳು ಕಡಲೆಕಾಳಿನ ಗಾತ್ರದಲ್ಲಿ ಕಲ್ಲಾಗಿ ಕೂತಿದ್ದವು.

ಚಿಪ್ಪಿಗೆ ನಾಲ್ಕು ಸುತ್ತು, ಬಾಯಿ ಎಡಗಡೆ. ಕೊನೆಯ ಸುತ್ತು ಉಬ್ಬಿಕೊಂಡು ಉಳಿದ ಮೂರನ್ನೂ ನುಂಗಿದ ಹಾಗಿರುತ್ತದೆ. ಇಷ್ಟು ಲಕ್ಷಣ ಆ ಕಾಲದ ಬೇರೆ ಕೆರೆಹುಳುಗಳಲ್ಲೂ ಇದೆ. ಇವುಗಳ ಮೈಮೇಲೆ ಮಾತ್ರ ಕೂದಲಿಗಿಂತ ಸ್ವಲ್ಪ ದಪ್ಪನೆಯ ಉಬ್ಬುಗೆರೆಗಳು, ಏಣುಗಳು, ಇದ್ದವು, ಕೊನೆಯ ಸುತ್ತಿಗೆ ಹದಿನಾರು. ಎಣಿಸಿ ಎಣಿಸಿ ನನಗೆ ಕನ್ನಡಕ ಬಂತು. ಇವು ಯಾರೂ ಹೆಸರಿಡದ ಜಾತಿ ಎಂದು ಬರೆದು ಕಳಿಸಿದರೆ ವಿಜ್ಞಾನ ಪತ್ರಿಕೆಗಳು ಅದು ಸಾಲದು, ಇದು ಸಾಲದು ಎಂದು ಹಿಂದಕ್ಕೆ ತಳ್ಳುತ್ತಿದ್ದವು. ಈ ವರ್ಷ ಕೊನೆಗೂ ಒಂದು ಪತ್ರಿಕೆ ಒಪ್ಪಿತು. ಅವರ ಷರತ್ತು ಒಂದೇ. ಆಗಸ್ಟ್ ಮುಗಿಯುವುದರೊಳಗೆ ಹುಳುಗಳನ್ನು ದೊಡ್ಡ ಸಂಗ್ರಹಾಲಯವೊಂದಕ್ಕೆ ಒಪ್ಪಿಸಿ ನೋಂದಣಿ ಸಂಖ್ಯೆ ತರಬೇಕು. ಕಲ್ಲು ಕೈಯಲ್ಲಿಲ್ಲದೆ ಹೆಸರಿಲ್ಲ. ನನ್ನ ಹತ್ತಿರ ಇದ್ದದ್ದು ನಲವತ್ತೊಂದು ಹುಳು, ಜಗತ್ತಿನಲ್ಲಿ ಇದ್ದದ್ದೂ ಅಷ್ಟೇ.

ಅಪ್ಪ ನೀಲಕಂಠ ಭಟ್ಟರು ಊರಿನ ಅರ್ಧ ಮದುವೆಗಳನ್ನು ಮಾಡಿಸಿದ ಪುರೋಹಿತರು. ಅವರ ದೇವರ ಪೆಟ್ಟಿಗೆಯಲ್ಲಿ ಏಳು ಸಾಲಿಗ್ರಾಮ. ದಿನಾ ಅಭಿಷೇಕ, ನೈವೇದ್ಯ. ನನ್ನ ಸಂಗ್ರಹಕ್ಕೆ ಅವರು ಇಟ್ಟ ಹೆಸರು ‘ಖಡಿ’, ಅಂದರೆ ರಸ್ತೆಗೆ ಹಾಕುವ ಜಲ್ಲಿ. ಒಂದು ದಿನ ನನಗೂ ತಲೆ ಕೆಟ್ಟು ಹೇಳಿಬಿಟ್ಟೆ: ನಿಮ್ಮ ಸಾಲಿಗ್ರಾಮದೊಳಗಿನ ಚಕ್ರವೂ ಸಮುದ್ರದಲ್ಲಿ ಈಜಿದ ಚಿಪ್ಪಿನ ಪ್ರಾಣಿಯೇ, ನನ್ನವು ಕೆರೆಯವು, ಎರಡೂ ಒಂದೇ ಕುಲ. ಅವರು ಎರಡು ದಿನ ಮಾತು ಬಿಟ್ಟರು. ಗೆದ್ದೆ ಎಂದುಕೊಂಡು ನಾನು ಆರಾಮಾಗಿ ಊಟ ಮಾಡಿದೆ.

ಈ ಜೂನ್‌ನಲ್ಲಿ ಅಪ್ಪನ ಕೈ ನಡುಗಲು ಶುರುವಾಯಿತು. ಅಭಿಷೇಕದ ಹೊತ್ತಿಗೆ ಒಂದು ಸಾಲಿಗ್ರಾಮ ಜಾರಿ ನೆಲಕ್ಕೆ ಬಿತ್ತು. ನಾನು ಪೂಜೆ ಮಾಡುತ್ತೇನೆ ಎಂದೆ. ಹೆಣ್ಣುಮಕ್ಕಳು ಮುಟ್ಟುವಂತಿಲ್ಲ ಎಂದರು. ಪೂಜೆ ನಡೆಯದ ಮನೆಯಲ್ಲಿ ಸಾಲಿಗ್ರಾಮ ಇಟ್ಟುಕೊಳ್ಳದೆ ಹೊಳೆಗೆ ಬಿಡಬೇಕು ಎಂಬುದು ನಮ್ಮ ಮನೆತನದ ನೇಮ. ಅವರು ಹೀಗೆ ಹೇಳಿದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ, ತಲೆ ಎತ್ತಿ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಎರಡು ದಿನದ ತರಬೇತಿಗೆಂದು ಬೆಳಗಾವಿಗೆ ಹೋದೆ. ಬರುವಾಗ ಹುಳುಗಳನ್ನು ಕಳಿಸಲು ಗಟ್ಟಿಯಾದೊಂದು ಪೆಟ್ಟಿಗೆ ತಂದೆ. ಕಪಾಟಿನಿಂದ ಡಬ್ಬಿ ತೆಗೆದು ನೋಡಿದರೆ ಹತ್ತಿಯ ಗೂಡುಗಳೆಲ್ಲ ಖಾಲಿ. ನನ್ನ ಅಂಕಿಗಳನ್ನು ಬರೆದ ಚೀಟಿಗಳು ಮಾತ್ರ ಒಂದರ ಮೇಲೊಂದು ನೀಟಾಗಿ ಕೂತಿದ್ದವು.

ಅಪ್ಪ ಮಣೆಯ ಮೇಲೆ ಕೂತಿದ್ದರು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಸಮಾಧಾನ.

“ಹೊಳಿಗೆ ಬಿಟ್ಟು ಬಂದೆನವಾ,” ಅಂದರು. “ನನ್ನವೂ, ನಿನ್ನವೂ. ನೀ ಅಂದದ್ದು ಖರೇನ ಅದ. ಭೂತಗನ್ನಡಿ ಹಿಡದು ನೋಡಿದೆ, ನಿನ್ನವೂ ಹಂಗ ಸುರುಳಿ ಸುತ್ಯಾವ. ಹನ್ನೊಂದು ವರ್ಷ ದೇವರನ್ನ ಖಡಿ ಅಂದೆ. ನೈವೇದ್ಯ ಇಲ್ಲದ ಉಪವಾಸ ಇಟ್ವಿ. ಅದರ ದೋಷ ನಿನಗ ತಟ್ಟಬಾರದು ಅಂತ ಬಿಟ್ಟೆ.”

ನಾನು ಓಡಿದೆ. ಅವರನ್ನು ಕರೆದೊಯ್ದವನು ನಮ್ಮ ಓಣಿಯ ಆಟೋದ ಉಮೇರ. ಅವನೇ ನನ್ನನ್ನೂ ಮಲಪ್ರಭೆಯ ದಂಡೆಗೆ ಕರೆದೊಯ್ದು, ಅಪ್ಪ ನಿಂತಿದ್ದ ಮೆಟ್ಟಿಲು ತೋರಿಸಿದ. ಮೆಟ್ಟಿಲು ಇರಲಿಲ್ಲ, ಅದರ ಮೇಲೆ ಆಳೆತ್ತರ ಕೆಂಪು ನೀರಿತ್ತು.

“ನಿನ್ನಿ ಸವದತ್ತಿ ಡ್ಯಾಮಿನ ಗೇಟ್ ತಗದಾರ್ರಿ ಅಕ್ಕಾರ,” ಅಂದ. “ಇದರಾಗ ಎಮ್ಮಿ ಬಿದ್ರೂ ಸಿಗಂಗಿಲ್ರಿ.”

ದಂಡೆಯ ಮೇಲಿಂದಲೇ ನಿಜಗುಣಪ್ಪನವರಿಗೆ ಫೋನ್ ಮಾಡಿದೆ. ಬೋರು ಬಂದ ಮೇಲೆ ಬಾವಿಯನ್ನು ಮುಚ್ಚಿಸಿ, ಈಗ ಅದರ ಮೇಲೆ ಕಲ್ಯಾಣ ಮಂಟಪ ಕಟ್ಟಿದ್ದಾರಂತೆ. ಮಂಟಪ ಬಾಡಿಗೆಗೆ ಬೇಕೇನು ಎಂದು ಕೇಳಿದರು.

ಮನೆಗೆ ಬಂದು ಅಪ್ಪನ ಮೇಲೆ ಕೂಗಾಡಿದೆ. ಹನ್ನೊಂದು ವರ್ಷದ ದುಡಿತವನ್ನು ನೀರಿಗೆ ಹಾಕಿದಿರಿ ಎಂದೆ, ಆಡಬಾರದ್ದನ್ನೂ ಆಡಿದೆ. ಆ ಕಲ್ಲುಗಳಿಲ್ಲದೆ ಹುಳಕ್ಕೆ ಹೆಸರಿಡಲು ಬರುವುದಿಲ್ಲ ಎಂಬುದು ಅವರಿಗೆ ತಿಳಿದದ್ದೇ ಆಗ. ಫೋಟೋಗಳಿವೆ ಎಂದು ನಾನು ಪತ್ರಿಕೆಗೆ ಬರೆದೆ. ಫೋಟೋ ಸಾಲದು, ಕಲ್ಲೇ ಬೇಕು ಎಂದು ಎರಡು ಸಾಲಿನ ಉತ್ತರ ಬಂತು. ಪತ್ರಿಕೆಯವರದು ತಪ್ಪಲ್ಲ, ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ. ತಿಂಗಳ ಕೊನೆಯ ದಿನ ಲೇಖನವನ್ನು ವಾಪಸು ಪಡೆದೆ.

ನೀರು ಇಳಿದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಉಮೇರನ ಆಟೋದಲ್ಲಿ ಹೊಳೆಗೆ ಹೋಗತೊಡಗಿದರು. ಕಣ್ಣಿಗೆ ಪೊರೆ, ಕೈಗೆ ನಡುಕ. ಆದರೂ ಮರಳು ಕೆದಕಿ, ಸಿಕ್ಕ ಹರಳುಗಳನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಹರಡುತ್ತಿದ್ದರು. ಒಂದೊಂದನ್ನೂ ಎತ್ತಿ, ಇದು ಇರಬಹುದೇ, ಇದು ಇರಬಹುದೇ ಎಂದು ಕೇಳುವರು. ನಾನು ಮಸೂರ ಹಿಡಿದು ನೋಡಿ ಅಲ್ಲ ಅನ್ನುತ್ತಿದ್ದೆ. ಮೊದಲ ವಾರ ಸಿಟ್ಟಿನಿಂದಲೇ ಅಂದೆ. ಆಮೇಲೆ ಸಿಟ್ಟೂ ಉಳಿಯಲಿಲ್ಲ.

ಹದಿನಾರನೆಯ ದಿನ ಅವರು ಪಾಚಿಗೆ ಜಾರಿ ಬಿದ್ದರು. ಹೊತ್ತು ತಂದ ಉಮೇರ, ಇನ್ನು ಮೇಲೆ ಕರೆದೊಯ್ಯುವುದಿಲ್ಲ ಎಂದು ನನ್ನೆದುರೇ ಕೈಮುಗಿದ. ಅಪ್ಪ ಒದ್ದೆ ಧೋತರದಲ್ಲೇ ಕೂತು, ನಾಳೆ ನಡೆದುಕೊಂಡೇ ಹೋಗುತ್ತೇನೆ ಎಂದರು. ಮುಷ್ಟಿಯಲ್ಲಿ ಹಿಡಿದಿದ್ದ ಒಂದು ಹರಳನ್ನು ನನ್ನ ಕಡೆ ಚಾಚಿದರು. ಮಸೂರದಡಿ ನೋಡಿದೆ. ಸುತ್ತಿಲ್ಲ, ಬಾಯಿಲ್ಲ, ಏಣಿಲ್ಲ.

“ಇದ ಅದ ಅಪ್ಪಾ,” ಅಂದೆ. “ಸಿಕ್ತು. ಇನ್ನ ಹೋಗಬ್ಯಾಡ್ರಿ.”

ಅವರು ಅತ್ತರು. ನಾನು ಹರಳನ್ನು ಹತ್ತಿಯಲ್ಲಿಟ್ಟೆ. ಕಣ್ಣೊರೆಸಿಕೊಂಡು, ಹಾಗಾದರೆ ಈಗ ಅಚ್ಚಾಗುತ್ತದಲ್ಲ ಎಂದು ಕೇಳಿದರು, ಆಗುತ್ತದೆ ಎಂದೆ. ಆಮೇಲೆ ಮೆಲ್ಲಗೆ ಕೇಳಿದರು:

“ಹೆಸರ ಏನಿಡಾಕಿ ಇದ್ದಿ?”

“ನಿಮ್ಮದ,” ಅಂದೆ. “ನೀಲಕಂಠ.”

ವಾಪಸು ಪಡೆದ ಲೇಖನದಲ್ಲೂ ಅದೇ ಹೆಸರಿತ್ತು. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.