ಗುಂಗಿಯ ಎಡ, ಮಾವನ ಎಡ

ಆ ಬಿಳಿ ಚುಕ್ಕಿ ಮಾವನೇ, ಸಂಶಯವೇ ಇಲ್ಲ, ತಾರಸಿಯ ಮೇಲಿರುವ ಮೂರು ಚುಕ್ಕಿಗಳಲ್ಲಿ ಯಾವುದು ಹೊಟ್ಟೆಯನ್ನು ಮೊದಲು ಕಳಿಸಿ ಆಮೇಲೆ ತಾನು ಹೊರಡುತ್ತದೋ ಅದು ಮಾವ — ಡ್ರೋನಿನಲ್ಲಿರುವ ಶಾಖ ಕಾಣುವ ಕ್ಯಾಮೆರಾಕ್ಕೆ ಮುಖ ಕಾಣುವುದಿಲ್ಲ, ಮೀಸೆ ಕಾಣುವುದಿಲ್ಲ, ಬಿಸಿಯಾದದ್ದೆಲ್ಲ ಬಿಳಿ, ತಣ್ಣಗಿರುವುದೆಲ್ಲ ಕಪ್ಪು, ಆದರೂ ನನ್ನ ಕಣ್ಣಿದೆಯಲ್ಲ, ಹದ್ದುಗಳು ಬಂದು ಟ್ಯೂಷನ್ ಹೇಳಿಸಿಕೊಂಡು ಹೋಗುವ ಕಣ್ಣು, ಕ್ರೀಡಾಂಗಣದ ತುಂಬ ಜನರನ್ನು ನಿಲ್ಲಿಸಿ ಮೇಲಿನಿಂದ ಬರೀ ನೆತ್ತಿ ತೋರಿಸಿದರೂ ಇದು ನನ್ನ ಹೆಂಡತಿಯ ಅಪ್ಪ ಎಂದು ಬೆರಳಿಟ್ಟು ಹೇಳಬಲ್ಲೆ, ಮತ್ತೆ ಈ ಡ್ರೋನ್ ಇದೆಯಲ್ಲ, ನಮ್ಮ ಗುಂಗಿ, ಇದನ್ನು ಸೂಜಿಯ ಕಣ್ಣಲ್ಲಿ ತೂರಿಸಿ ಆ ಕಡೆ ಗಂಟು ಹಾಕಿಕೊಂಡು ಬರಬಲ್ಲೆ, ಒಮ್ಮೆ ಬಿರುಗಾಳಿಯಲ್ಲಿ ಹಾರಿಸಿದಾಗ ಗಾಳಿಯೇ ಸುಸ್ತಾಗಿ ಕೂತಿತು, ನೀರಿನ ಪಂಪು ನೋಡಿಕೊಳ್ಳುವ ನಮ್ಮ ಪಂಪಿನಣ್ಣನನ್ನು ಕೇಳಿ, ಅವನು ಇಲ್ಲ ಅನ್ನುತ್ತಾನೆ, ಹೊಟ್ಟೆಕಿಚ್ಚು. ಗುಂಗಿ ಎಂದು ಹೆಸರಿಟ್ಟವರೂ ಮಾವನೇ, ಮೊದಲ ದಿನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹಾರಿಸಿ ತೋರಿಸಿದಾಗ ಕಿವಿಗೆ ಬೆರಳಿಟ್ಟುಕೊಂಡು, ಏನ್ರೀ ಅಳಿಯಂದ್ರೇ ಇದು, ಗುಂಗಿಹುಳ ಸಾಕಿದ್ದೀರಾ, ಬೆಂಕಿಗೆ ನೀರು ಬೇಕೋ ಇಲ್ಲಾ ಸಂಗೀತ ಬೇಕೋ, ಇಡೀ ದಳ ಬಿದ್ದು ಬಿದ್ದು ನಕ್ಕಿತು, ದಳದ ನಾಯಕರಾದ ಮಾವನೇ ನಕ್ಕ ಮೇಲೆ ನಗದವರುಂಟೇ. ರೇಡಿಯೋದಲ್ಲಿ ಸಂಕೇತದ ಹೆಸರು ಬಳಸಬೇಕು ಎಂಬ ನಿಯಮವನ್ನು ತಾವೇ ಗೋಡೆಗೆ ಅಂಟಿಸಿದ್ದಾರೆ, ಆದರೆ ನನ್ನನ್ನು ಕರೆಯುವುದು ಮಾತ್ರ, ಅಳಿಯಂದ್ರೇ, ಓವರ್. ಊರಿನ ಅಷ್ಟೂ ಅಗ್ನಿಶಾಮಕ ವಾಹನಗಳಲ್ಲಿ ಅದು ಕೇಳಿಸುತ್ತದೆ, ಗೊತ್ತೇ ಇಲ್ಲದ ಚಾಲಕರು ದಾರಿಯಲ್ಲಿ ಸಿಕ್ಕರೆ, ಏನು ಅಳಿಯಂದ್ರೇ ಊಟ ಆಯ್ತಾ ಅನ್ನುತ್ತಾರೆ, ಹೀಗೆ ನಾನು ಇಡೀ ಇಲಾಖೆಗೇ ಅಳಿಯ.

ಕೆಳಗೆ ಹಾಸಿಗೆ ಗೋದಾಮು ಉರಿಯುತ್ತಿದೆ, ಇಂಥ ಬೆಂಕಿಯನ್ನು ಭೂಮಿ ಹುಟ್ಟಿದಾಗ ಸೂರ್ಯನೂ ನೋಡಿರಲಿಕ್ಕಿಲ್ಲ, ಹತ್ತಿ, ಫೋಮು, ಸ್ಪ್ರಿಂಗು, ಊರಿಗೆ ಊರೇ ಮಲಗುವಷ್ಟು ಹಾಸಿಗೆ, ಹೊಗೆ ಕಪ್ಪು ಟಾರಿನಂತೆ ಕಟ್ಟಡಕ್ಕೆ ಅಂಟಿಕೊಂಡಿದೆ, ಮುಂದಿನ ಅರ್ಧ ಕಾಂಕ್ರೀಟ್ ತಾರಸಿ, ಹಿಂದಿನ ಅರ್ಧ ತಗಡಿನ ಚಾವಣಿ, ನಡುವೆ ಒಂದು ಮೆಟ್ಟಿಲಿನಷ್ಟು ತಗ್ಗು ಅಷ್ಟೇ, ಪರದೆಯಲ್ಲಿ ತಾರಸಿ ಬೂದಿ ಬಣ್ಣ, ತಗಡು ಹಾಲಿನಂತೆ ಬಿಳಿ, ಬಿಳಿ ಎಂದರೆ ಅಲ್ಲಿ ಕಾಲಿಟ್ಟವನು ಸೀದಾ ಕೆಳಗೆ. ಅಳಿಯಂದ್ರೇ, ತಗಡು ಹೇಗಿದೆ, ಓವರ್. ಮಾವ, ತಗಡು ಜೋಲು ಬಿದ್ದಿದೆ, ಸಾಕು ಇಳೀರಿ, ಓವರ್. ಹುಡುಗ್ರು ಇಳೀಲಿ, ನಾನು ಆಮೇಲೆ. ಇದೇ, ಇದೇ ಮಾತಿಗೇ ಬೆಳಿಗ್ಗೆ ಇವಳು ದೋಸೆ ಕಾವಲಿ ಕುಕ್ಕಿದ್ದು, ರೀ, ಅಪ್ಪನಿಗೆ ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು, ಯಾವಾಗ್ಲೂ ಎಲ್ಲರಿಗಿಂತ ಕೊನೆಗೇ ಇಳೀತಾರೆ, ನಿಮ್ಮ ಹದ್ದಿನ ಕಣ್ಣು ಇದೆ ಅಂತ ಕೊಚ್ಕೋತೀರಲ್ಲ, ಅದನ್ನ ನಮ್ಮಪ್ಪನ ಮೇಲಿಡಿ, ಅವರನ್ನ ಇಳಿಸ್ಕೊಂಡೇ ಮನೆಗೆ ಬನ್ನಿ — ಇಲ್ಲದಿದ್ರೆ, ಎಂದೆ ನಾನು, ಸುಮ್ಮನೆ ಕೆಣಕಲು, ಅವಳು ಕಾವಲಿಗೆ ನೀರು ಚಿಮುಕಿಸಿದಳು, ಚೊಂಯ್ ಎಂದಿತು. ಈಗ ಒಂದು ಚುಕ್ಕಿ ಏಣಿ ಇಳಿಯಿತು, ಇನ್ನೊಂದು ಇಳಿಯಿತು, ಮೂರನೆಯದು ಅಲ್ಲೇ ನಿಂತು ನೀರು ಹೊಡೆಯುತ್ತಿದೆ, ತಾರಸಿಯ ಮೋಟುಗೋಡೆಯನ್ನೆಲ್ಲ ತೊಯ್ಯಿಸಿ ಕಪ್ಪಗೆ ಮಾಡಿದೆ, ಗೋಡೆಗೆ ಸ್ನಾನ ಮಾಡಿಸ್ತಾರಾ ನಿಮ್ಮ ಮಾವ ಎಂದು ಪಂಪಿನಣ್ಣ ಪಕ್ಕದಲ್ಲಿ ನಗುತ್ತಿದ್ದಾನೆ, ಅಷ್ಟರಲ್ಲಿ ನೀರಿನ ಪೈಪು ಕೆಂಡ ತಾಗಿ ಸೀಳಿತು, ಹಾವಿನಂತೆ ಎದ್ದು ಹೊರಳಿತು, ಮಾವ ಅದನ್ನು ಒದ್ದು ಕೆಳಕ್ಕೆ, ನನ್ನ ಪಕ್ಕಕ್ಕೇ, ಬೀಳಿಸಿದರು — ಅಯ್ಯೋ ಬೇಡ ಮಾವ, ಪೈಪು ಹಿಡಿದುಕೊಂಡೇ ಅಲ್ಲವೇ ಏಣಿಗೆ ಬರಬೇಕಾದ್ದು, ಹೊಗೆಯಲ್ಲಿ ಅದೇ ತಾನೇ ದಾರಿ — ಅದೇ ಹೊತ್ತಿಗೆ ಗಾಳಿ ತಿರುಗಿತು, ಟಾರಿನಂಥ ಹೊಗೆ ತಾರಸಿಯ ಮೇಲೆ ಮಗುಚಿಕೊಂಡಿತು, ಪಂಪಿನಣ್ಣನ ನಗು ನಿಂತಿತು, ಅವನ ಕಣ್ಣಿಗೆ ಈಗ ಏನೂ ಇಲ್ಲ, ನನ್ನ ಪರದೆಯಲ್ಲಿ ಮಾತ್ರ ಒಂದು ಬಿಳಿ ಚುಕ್ಕಿ, ನಿಂತಿದೆ, ತಿರುಗುತ್ತಿದೆ.

ಅಳಿಯಂದ್ರೇ, ಏನೂ ಕಾಣ್ತಿಲ್ಲ, ಯಾವ ಕಡೆ. ಎಡಕ್ಕೆ ಮಾವ, ಎಡಕ್ಕೆ ನಡೀರಿ, ಎಂದೆ, ಎಂಥ ಗಟ್ಟಿ ದನಿ, ಬೆಟ್ಟಕ್ಕೆ ಹೇಳಿದ್ದರೆ ಬೆಟ್ಟವೂ ಎಡಕ್ಕೆ ನಡೆಯುತ್ತಿತ್ತು, ಮಾವ ನಡೆದರು, ಮಾತಿಗೆ ಎದುರಾಡದೆ ಮೊಟ್ಟಮೊದಲ ಬಾರಿಗೆ ನಡೆದರು, ಒಂದು ಹೆಜ್ಜೆ, ಇನ್ನೊಂದು, ಆದರೆ ಚುಕ್ಕಿ ಏಕೆ ಹಾಲಿನಂಥ ತಗಡಿನ ಕಡೆ ಹೋಗುತ್ತಿದೆ, ಏಣಿ ಈ ಕಡೆ, ಚುಕ್ಕಿ ಆ ಕಡೆ, ಅಯ್ಯೋ ನನ್ನ ಹದ್ದಿನ ಕಣ್ಣೇ, ಗುಂಗಿ ಅವರಿಗೆ ಎದುರಾಗಿ ಮುಖ ಮಾಡಿ ನಿಂತಿದೆ, ಅದರ ಎಡ ಅವರ ಬಲ, ಕಲಿಕೆಯ ಮೊದಲ ವಾರದಲ್ಲಿ ಎಲ್ಲರೂ ಮಾಡುವ ತಪ್ಪು, ನಾನು ಮಾಡುವವನಲ್ಲ, ಗುಂಗಿಯೇ ತಲೆ ತಿರುಗಿಸಿಕೊಂಡಿತ್ತು, ತಪ್ಪು ಅದರದ್ದು, ಇಲ್ಲ, ನನ್ನದು, ನಿಲ್ಲಿ ಮಾವ ನಿಲ್ಲಿ ನಿಲ್ಲಿ — ಚುಕ್ಕಿ ನಿಂತಿತು, ತಗಡಿನ ಅಂಚಿನಲ್ಲಿ ಒಂದು ಕಾಲೆತ್ತಿ ನಿಂತಿತು. ರೇಡಿಯೋದಲ್ಲಿ ಕೆಮ್ಮು, ಆಮೇಲೆ, ಎಡ ಅಂದ್ರೆ ಯಾರ ಎಡ ಅಳಿಯಂದ್ರೇ, ನನ್ನದಾ, ಗುಂಗಿದಾ. ಇಂಥ ಹೊತ್ತಲ್ಲೂ ತಮಾಷೆ, ಈ ಮನುಷ್ಯನನ್ನು ಕಟ್ಟಿಕೊಂಡು — ಗುಂಗಿದು ಮಾವ, ತಪ್ಪಾಯ್ತು, ಹಿಂದಕ್ಕೆ ಬನ್ನಿ, ಹಿಂದಕ್ಕೆ. ಹಿಂದಕ್ಕೆ ಅಂದ್ರೆ ಎಲ್ಲಿ, ಸುತ್ತಿ ಸುತ್ತಿ ನನಗೀಗ ಹಿಂದೆ ಯಾವುದು ಮುಂದೆ ಯಾವುದು ತಿಳೀತಿಲ್ಲ. ಹೌದಲ್ಲ, ಈಗ ಎಡವೂ ಸುಳ್ಳು ಬಲವೂ ಸುಳ್ಳು, ಅವರಿಗೆ ಕಣ್ಣಿಲ್ಲ, ಕಿವಿಯಿದೆ. ಮಾವ, ಅಲ್ಲೇ ಇರಿ, ಗುಂಗಿ ಹತ್ತಿರ ಬರ್ತಿದೆ, ಆ ಸದ್ದು ಎಲ್ಲಿದೆಯೋ ಅಲ್ಲಿಗೆ ಬನ್ನಿ, ಗೋಡೆ ಸಿಕ್ಕರೆ ಬಿಡಬೇಡಿ, ಅದು ಏಣಿಗೇ ಹೋಗುತ್ತೆ — ಅಷ್ಟು ಕೆಳಗೆ ಇಳಿಸಿದ್ರೆ ಸುಟ್ಟುಹೋಗುತ್ತಯ್ಯಾ ಎಂದ ಪಂಪಿನಣ್ಣ, ಹೋಗಲಿ ಬಿಡೋ, ಬಿಸಿಗಾಳಿ ಗುಂಗಿಯನ್ನು ಕೆಳಗಿನಿಂದ ಗುದ್ದುತ್ತಿದೆ, ಹೆಬ್ಬೆರಳುಗಳು ಬೆವರಿ ಜಾರುತ್ತಿವೆ, ಪರದೆಯ ಮೂಲೆಯಲ್ಲಿ ಬ್ಯಾಟರಿ ಕೆಂಪಾಗಿ ಮಿಣುಕುತ್ತಿದೆ, ಹಾಡೇ ನನ್ನವ್ವ, ಹಾಡು, ನೀರಲ್ಲ ಸಂಗೀತವೇ ಬೇಕು ಈಗ, ಗುಂಯ್ ಅನ್ನು, ಮತ್ತೆ ಚುಕ್ಕಿ ತಿರುಗಿತು, ತಲೆ ಓರೆ ಮಾಡಿ ಕೇಳಿಸಿಕೊಂಡಿತು, ಬಂತು, ತಡವಿಕೊಂಡು ಬಂತು, ಗೋಡೆಗೆ ಕೈಯಿಟ್ಟಿತು, ಕೈ ತೆಗೆದು ಮುಂದಿಟ್ಟಿತು, ತೆಗೆದ ಜಾಗದಲ್ಲಿ, ನೆಂದ ಕಪ್ಪು ಗೋಡೆಯ ಮೇಲೆ, ಕಾದ ಕೈಗವಸಿನ ಬಿಸಿ ಉಳಿದು ಒಂದು ಬಿಳಿ ಅಂಗೈ. ಐದೂ ಬೆರಳು ಬಿಡಿಬಿಡಿಯಾಗಿ. ಅದು ಮಾಸಿ ಬೂದಿಯಾಗುವಷ್ಟರಲ್ಲಿ ಅದರ ಮುಂದೆ ಇನ್ನೊಂದು ಬಿಳಿ ಅಂಗೈ, ಬನ್ನಿ ಮಾವ, ಇನ್ನೊಂದು, ಮದುವೆಯ ಮಾತು ಕೇಳಲು ಹೋದಾಗ ಮೇಜಿನ ಮೇಲೆ ಇದೇ ಅಂಗೈ ಊರಿ, ಅಲ್ರೀ ಇಷ್ಟು ಬುರುಡೆ ಬಿಡ್ತೀರಲ್ಲ, ನನ್ನ ಮಗಳಿಗೂ ಹೀಗೇ ಬಿಡ್ತೀರಾ ಎಂದಿದ್ದರು, ಬಿಡ್ತೀನಿ ಸಾರ್ ಎಂದಿದ್ದೆ, ಆಗ ನಕ್ಕ ನಗು ಇನ್ನೂ — ಹಿಂದಿನ ತಗಡು ಕುಸಿಯಿತು. ನೆಲ ಅದುರಿತು, ಪರದೆ ಪೂರ್ತಿ ಬಿಳಿ, ಚುಕ್ಕಿಯಿಲ್ಲ, ತಾರಸಿಯಿಲ್ಲ, ಎಲ್ಲಾ ಹಾಲು, ಮಾವ, ಮಾವ, ಓವರ್, ರೇಡಿಯೋದಲ್ಲಿ ಬರೀ ಗರಗರ, ಏನೆಂದು ಹೇಳಲಿ ಅವಳಿಗೆ, ಯಾವ ಬುರುಡೆ ಬಿಡಲಿ, ಹಾಲು ಮೆಲ್ಲಗೆ ತಿಳಿಯಾಯಿತು, ಗೋಡೆ ಮೂಡಿತು, ಗೋಡೆಯ ಮೇಲೆ ಮನುಷ್ಯನಿಲ್ಲದ ಒಂದು ಅಂಗೈ, ಮಾಸುತ್ತಿದೆ, ಮಾಸಬೇಡ, ಅದರಾಚೆ, ಏಣಿಯ ಮೂಲೆಗೆ ತಾಗಿದಂತೆ, ಹೊಚ್ಚಹೊಸದೊಂದು, ಬೆಳ್ಳಗೆ — ಬೂಟು ಕಾಣ್ತು, ಬೂಟು ಕಾಣ್ತು ಕಣೋ, ಏಣಿ ಮೇಲಿದ್ದಾರೆ ಎಂದು ಪಂಪಿನಣ್ಣ ಕಿರುಚಿದ.

ಹೊಟ್ಟೆ ಮೊದಲು ನೆಲಕ್ಕೆ ಬಂತು, ಆಮೇಲೆ ಮಾವ. ಮುಖ ಮಸಿಯ ಮಡಕೆ, ಹಲ್ಲು ಮಾತ್ರ ಬಿಳಿ, ಯಾರೋ ನೀರು ಕೊಟ್ಟರು, ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡರು, ನಾನು ಎದ್ದು ಹೋಗುವಂತಿಲ್ಲ, ಗುಂಗಿ ಇನ್ನೂ ಗಾಳಿಯಲ್ಲಿದೆ, ರೆಕ್ಕೆಯ ತುದಿ ಸುಟ್ಟು ಕುಂಟುತ್ತ ಬರುತ್ತಿದೆ, ನನ್ನ ಹಿಂದಿನ ಖಾಲಿ ಜಾಗದಲ್ಲಿ ಇಳಿಸಬೇಕು, ಪರದೆಯ ಮೇಲೆ ಬಗ್ಗಿ ಕೂತಿದ್ದೇನೆ, ಸೀಳಿದ ಪೈಪಿನ ನೀರೆಲ್ಲ ಮೈಮೇಲೆ ಬಿದ್ದು ಅಂಗಿ ಚಳಿ ಹತ್ತಿಸುತ್ತಿದೆ, ಕಣ್ಣಲ್ಲೂ ನೀರು, ಹೊಗೆ, ಇದು ಹೊಗೆಯೇ, ನನ್ನ ಕಣ್ಣಲ್ಲಿ ಬೇರೆ ನೀರು ಬರುವುದಿಲ್ಲ, ಬಂದರೆ ಪ್ರವಾಹ. ಬೂಟಿನ ಸದ್ದು ಹಿಂದೆ ಬಂದು ನಿಂತಿತು. ಕೈಗವಸು ಎಳೆದು ನೆಲಕ್ಕೆಸೆದ ಸದ್ದು. ಈಗ ಬಯ್ಯುತ್ತಾರೆ, ಯಾರ ಎಡ ಎಂದು ಊರಿಗೆಲ್ಲ ಕೇಳಿಸುವಂತೆ, ಬಯ್ಯಲಿ, ವರ್ಷವಿಡೀ ಬಯ್ಯಲಿ, ಬೆನ್ನ ಮೇಲೆ ಏನೋ ಬಂದು ಕೂತಿತು, ಭಾರವಾಗಿ, ಬೆಚ್ಚಗೆ, ಸ್ವಲ್ಪ ಹೊತ್ತು ಹಾಗೇ ಇತ್ತು. ಬ್ಯಾಟರಿ ನೋಡ್ಕೊಳ್ಳಿ ಅಳಿಯಂದ್ರೇ, ಎಂದರು, ಅಷ್ಟೇ, ಬೂಟು ದೂರ ಹೋಯಿತು. ಗುಂಗಿ ಹಿಂದಿನಿಂದ ಇಳಿಯುತ್ತಿದೆ, ಪರದೆಯಲ್ಲಿ ಬಗ್ಗಿ ಕೂತ ಒಬ್ಬ ಮನುಷ್ಯ, ನೆಂದ ಅಂಗಿ, ಕಪ್ಪು ಬೆನ್ನು, ಯಾರಿವನು, ನಾನೇ, ಕಪ್ಪು ಬೆನ್ನಿನ ನಟ್ಟನಡುವೆ, ಇಳಿಸಬೇಕು, ಬ್ಯಾಟರಿ ಮುಗಿಯುತ್ತಿದೆ, ಇಳಿಸಬೇಕು, ಐದೂ ಬೆರಳು, ಬಿಡಿಬಿಡಿಯಾಗಿ, ಬಿಳಿ ಅಂಗೈ, ಇನ್ನೂ ಮಾಸಿಲ್ಲ, ಬಿಳಿ ಅಂಗೈ —