ರಜೆಯ ಕಾರಣ

“ಬಟನ್,” ಎಂದಿತು ಕಿವಿಯೊಳಗಿನ ದನಿ. ಅವಳು ಕೀಬೋರ್ಡಿನ ಕೀಲಿಯನ್ನು ಇನ್ನೊಮ್ಮೆ ಒತ್ತಿದಳು. “ಬಟನ್.” ಮತ್ತೂ ಒತ್ತಿದಳು. “ಬಟನ್.” ಯಾವುದು ರಜೆ ಕೇಳುವುದು, ಯಾವುದು ವಾಪಸು ಪಡೆಯುವುದು, ದೇವರೇ ಬಲ್ಲ.

ನೀರು ಸರಬರಾಜು ಕಂಪನಿಯ ದೂರು ವಿಭಾಗದಲ್ಲಿ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಮಾತಿಗೆ ನಿಂತಳೆಂದರೆ ಆರಿಸುವ ಗುಂಡಿಯೇ ಇಲ್ಲ. ಹುಟ್ಟಿನಿಂದ ಕಣ್ಣು ಕಾಣದವಳು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದನ್ನು ಹಾಕಿಕೊಂಡು ಇಷ್ಟು ವರ್ಷ ಯಾರ ಹಂಗೂ ಇಲ್ಲದೆ ದುಡಿದಿದ್ದಳು. ಈಗ ರಜೆಗೆಂದು ಹೊಸ ವೆಬ್‌ಸೈಟ್ ಬಂದಿತ್ತು. ಅದರಲ್ಲಿ ಬಟನ್ನುಗಳ ಮೇಲೆ ಬರೀ ಚಿತ್ರ, ಓದಿ ಹೇಳಲು ಹೆಸರಿಲ್ಲ. ಕಾರಣ ಆರಿಸುವ ಪಟ್ಟಿಯಂತೂ ಅವಳ ಪಾಲಿಗೆ ಮೂಕ.

ಪಕ್ಕದ ಮೇಜಿನ ಗೆಳತಿ ಕುರ್ಚಿ ಎಳೆದುಕೊಂಡು ಬಂದಳು. “ಕೊಡೇ ಇಲ್ಲಿ, ನಾನೇ ಒತ್ತಿಬಿಡ್ತೀನಿ. ಕಾರಣ ಏನಂತ ಹಾಕ್ಲಿ?”

ರೇಡಿಯೋ ಕೀಲಿಯಿಂದ ಬೆರಳು ತೆಗೆದಳು. ನಾಳೆ ಸ್ಕ್ಯಾನ್ ಇತ್ತು. ಹೋದ ಸಲ ಬಸುರಿಯಾದಾಗ ಕಂಡವರಿಗೆಲ್ಲ ಹೇಳಿಕೊಂಡು ಕುಣಿದಿದ್ದಳು. ಬಸಿರು ನಿಲ್ಲದೆ ಹೋದಾಗ ಅಷ್ಟೂ ಜನರಿಗೆ ಅದನ್ನೂ ಹೇಳಬೇಕಾಗಿತ್ತು. ಈ ಸಲ ಗಂಡನೊಬ್ಬನಿಗೆ ಬಿಟ್ಟು ಹೆತ್ತಮ್ಮನಿಗೂ ಬಾಯಿ ಬಿಟ್ಟಿರಲಿಲ್ಲ.

“ಬೇಡ ಕಣೆ,” ಎಂದವಳೇ ಕೋಲು ಹಿಡಿದು ಮ್ಯಾನೇಜರ ಕೋಣೆಗೆ ನಡೆದು, ಹೊಸ ಸೈಟ್ ತನಗೆ ಓದಲಾಗುತ್ತಿಲ್ಲ, ಸರಿಮಾಡಿಸಿ ಎಂದಳು.

“ಇಷ್ಟೇ ತಾನೆ?” ಮ್ಯಾನೇಜರು ನಕ್ಕರು. “ಕಾರಣ ಹೇಳಮ್ಮ, ನಾನೇ ಹಾಕ್ತೀನಿ. ನಿನ್ನೊಬ್ಬಳಿಗೋಸ್ಕರ ಇಡೀ ಸೈಟ್ ಬಿಚ್ಚಿ ಹೊಲಿಯೋಕಾಗುತ್ತಾ?”

“ಹೋದ ತಿಂಗಳು ನೀವು ರಜೆ ಹಾಕಿದ್ರಲ್ಲ ಸಾರ್, ಯಾಕೆ?”

ಅವರ ಕುರ್ಚಿ ಕಿರುಗುಟ್ಟಿತು. “ಅದು... ಮನೆ ವಿಷಯ.”

“ನಂದೂ ಮನೆ ವಿಷಯಾನೇ. ನಿಮ್ಮದು ನಿಮ್ಮ ಹೊಟ್ಟೇಲಿರ್ಬೋದು, ನಂದು ಮಾತ್ರ ಊರಿಗೆಲ್ಲ ಟಾಂಟಾಂ ಆಗ್ಬೇಕಾ?”

“ಸಹಾಯ ಮಾಡ್ತೀನಿ ಅಂದ್ರೂ ತಪ್ಪಾ?”

“ಸಹಾಯ ಬೇಕಾದಾಗ ನಾನೇ ಕೇಳ್ತೀನಿ, ಅದಕ್ಕೆ ನಂಗೇನೂ ನಾಚಿಕೆಯಿಲ್ಲ. ಇದು ಬಾಗಿಲಿಗೆ ಬೀಗ ಜಡಿದು, ಬಾ ಎತ್ಕೊಂಡು ಹೋಗ್ತೀನಿ ಅನ್ನೋದು.”

“ಅರ್ಜಿ ಇಲ್ದೆ ಹೋದ್ರೆ ಗೈರುಹಾಜರಿ ಬೀಳುತ್ತಮ್ಮ.”

“ಬೀಳಲಿ. ನಾಳೆ ನಾನು ಬರಲ್ಲ. ಬಂದ್ಮೇಲೆ ಇದನ್ನ ಬಿಡೋದೂ ಇಲ್ಲ.”

ಮರುದಿನ ಸ್ಕ್ಯಾನಿನ ಕೋಣೆಯಲ್ಲಿ ಡಾಕ್ಟರಮ್ಮ ಯಂತ್ರದ ಸದ್ದು ಏರಿಸಿದರು. ಓಡುವ ಪುಟ್ಟ ಕುದುರೆಯ ಗೊರಸಿನಂಥ ಎದೆಬಡಿತ. ಗಂಡ ಅವಳ ಬೆರಳುಗಳನ್ನು ಹಿಂಡಿಬಿಟ್ಟ. ಮನೆಗೆ ಬರುವ ದಾರಿಯಲ್ಲಿ ಅವನೇ ಮೆಲ್ಲಗೆ ಕೇಳಿದ: “ಇಂಥ ಹೊತ್ತಲ್ಲಿ ಆಫೀಸಿನವರ ಜೊತೆ ಜಗಳ ಬೇಕಾ?”

“ಇಂಥ ಹೊತ್ತಲ್ಲೇ ಬೇಕು,” ಎಂದಳು.

ಕಂಪನಿಯ ಮುಖ್ಯ ಕಚೇರಿಗೆ ದೂರು ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಊರವರ ಒಡೆದ ಪೈಪುಗಳ ದೂರನ್ನು ಬೆನ್ನು ಹತ್ತಿ ರೂಢಿಯಾದವಳು, ತನ್ನದನ್ನು ಬಿಡುತ್ತಾಳೆಯೇ? ಮೂರನೆಯದಕ್ಕೆ ಗೆಳತಿಯೂ ಸಹಿ ಹಾಕಿದಳು. “ನನ್ನ ಕಾರಣಾನೂ ಯಾರೂ ಕೇಳೋದು ಬೇಡಪ್ಪ,” ಎಂದಳು.

ಕೊನೆಗೆ ವೆಬ್‌ಸೈಟ್ ಮಾಡಿದವನನ್ನೇ ಕಳಿಸಿದರು. ರೇಡಿಯೋ ತನ್ನ ಹೆಡ್‌ಫೋನನ್ನು ಅವನ ತಲೆಗೆ ಹಾಕಿದಳು. ಸ್ವಲ್ಪ ಹೊತ್ತು ಕೇಳಿದ ಅವನು “ಥೂ, ಇದೇನಿದು” ಎಂದು ತನಗೇ ಬೈದುಕೊಂಡ. ಸಂಜೆಯೊಳಗೆ ಬಟನ್ ಒಂದೊಂದಕ್ಕೂ ಹೆಸರು ಬಂತು, ಕಾರಣಗಳ ಪಟ್ಟಿಗೆ ಬಾಯಿ ಬಂತು. ಗೈರುಹಾಜರಿಯನ್ನು ಮಾತ್ರ ಮ್ಯಾನೇಜರು ಅಳಿಸಲಿಲ್ಲ. ಅದಕ್ಕೊಂದು ಬೇರೆ ದೂರು ಹೋಯಿತು.

ಸೈಟಿನವನು ಚೀಲ ಹೆಗಲಿಗೇರಿಸಿ, “ಆಯ್ತಲ್ಲ ಮೇಡಂ, ಬರ್ತೀನಿ,” ಎಂದ.

“ಎಲ್ಲಿಗೆ?” ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನತ್ತ ನೂಕಿದಳು. “ಸಂಬಳದ ಸೈಟ್ ಇನ್ನೂ ಹಾಗೇ ಇದೆ.”

“ಅದೂನಾ?” ಎಂದ ಅವನು. ಆಮೇಲೆ ಚೀಲ ನೆಲಕ್ಕಿಳಿದ ಸದ್ದು, ಕುರ್ಚಿ ಎಳೆದ ಸದ್ದು.